ಧರೆ ಕಾಯುವ ಸೋದರಮಾವ

ಊರಿಗೆ ಊರೇ ಭೂಮಿತಾಯಿಯನ್ನು ನಂಬಿ ಬದುಕುತ್ತದೆ. ನನ್ನ ಸೋದರಮಾವ ಮಾತ್ರ ಆಕೆಯನ್ನು ಒಂದು ಗಳಿಗೆಯೂ ನಂಬಿದವನಲ್ಲ! ಹೊನ್ನಾವರದ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮೇಲೆ ಸಂತೆಗುಳಿ ಕಡೆಯ ನಮ್ಮ ಮನೆಯೇ ಅವನ ತರಗತಿ, ನಾವೇ ದಡ್ಡ ವಿದ್ಯಾರ್ಥಿಗಳು.

ಒಮ್ಮೆ ಹೊನ್ನಾವರದಲ್ಲಿ ಎಷ್ಟು ಕಾದರೂ ಕುಮಟೆಯ ಬಸ್ಸು ಬರಲಿಲ್ಲ. ಅಮ್ಮ ಚಡಪಡಿಸುತ್ತಿದ್ದರೆ ಮಾವ ಪಾಠಕ್ಕೆ ನಿಂತ. ನಮ್ಮ ಕಾಲ ಕೆಳಗಿನ ನೆಲ ದಕ್ಷಿಣದಿಂದ ಸರಿದು ಬಂದು ಹಿಮಾಲಯವನ್ನು ಎತ್ತಿತಂತೆ, ಈಗಲೂ ಉತ್ತರಕ್ಕೇ ಹೊರಟಿದೆಯಂತೆ, ಕುಮಟೆಯೂ ಉತ್ತರಕ್ಕೇ ಇರುವಾಗ ಅವಸರ ಏಕಂತೆ! "ಹಂಗಾರೆ ನೀನು ಅದ್ರಲ್ಲೇ ಬಾ" ಎಂದು ಅಮ್ಮ ಟೆಂಪೋ ಹತ್ತಿದಳು.

ಬಿಸಿಲು ಮಳೆಗೆ ಕಲ್ಲು ಸವೆದು ಹಿಡಿ ಮಣ್ಣಾಗಲು ಎಷ್ಟು ತಲೆಮಾರು ಬೇಕು ಗೊತ್ತೇ? ಮಾವನಿಗೆ ಗೊತ್ತು! ಹಾಗಾಗಿ ಬಂದ ನೆಂಟರೆಲ್ಲ ಕಾಲಿನ ಮಣ್ಣು ವ್ಯರ್ಥವಾಗದಂತೆ ಬಸಳೆ ಚಪ್ಪರದ ಬುಡದಲ್ಲೇ ಕಾಲು ತೊಳೆಯಬೇಕು. ನನ್ನ ತಂಗಿಯ ಹೊಸ ಗಂಡನನ್ನೂ ಅಲ್ಲಿಗೇ ಅಟ್ಟಿದ್ದ.

ನಗು ನಿಂತದ್ದು ಧರೆಯ ವಿಷಯಕ್ಕೆ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆಯೇ ಧರೆ. ಮಳೆಗಾಲ ಮುಗಿದೊಡನೆ ಅಂಗಳಕ್ಕೆ ಹೊಸ ಮಣ್ಣು ಹಾಕಿ ಬಡಿಯುವುದು ನಮ್ಮಲ್ಲಿ ಪದ್ಧತಿ. ಆ ಮಣ್ಣನ್ನು ಧರೆಯ ಬುಡದಿಂದಲೇ ಕೆರೆದು ತರುವುದೂ ಪದ್ಧತಿ. ಮುಂದೆ ಅಂಗಳ ಚಂದ, ಹಿಂದೆ ಗುಡ್ಡದ ಕಾಲೇ ಮಾಯ! ಮಾವ ಪ್ರತಿವರ್ಷ ಜಗಳವಾಡಿ ಸೋತು, ಕೊನೆಗೆ ಬೇರು ಮಣ್ಣು ಹಿಡಿಯಲೆಂದು ಧರೆಯ ನೆತ್ತಿಯಲ್ಲಿ ಲಾವಂಚ ನೆಟ್ಟ. ಅದನ್ನು ನಮ್ಮ ಆಕಳು ಮೇಯಿತು.

ಈ ಆಷಾಢದಲ್ಲಿ ತಂಗಿ ಬಾಣಂತಿ. ಗಾಳಿ ತಾಗಬಾರದೆಂದು ಅವಳನ್ನೂ ಕೂಸನ್ನೂ ಬಚ್ಚಲ ಪಕ್ಕದ ಬೆಚ್ಚನೆಯ ಕೋಣೆಯಲ್ಲಿ ಮಲಗಿಸಿದ್ದರು. ಆ ಕೋಣೆಯ ಕಿಟಕಿ ತೆರೆದರೆ ಧರೆ! ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಮಾವ ಕೊಡೆ ಹಿಡಿದು ಧರೆಯನ್ನೇ ನೋಡುತ್ತ ನಿಂತವನು ಊಟಕ್ಕೂ ಬರಲಿಲ್ಲ. ಮಧ್ಯಾಹ್ನ ಅಲ್ಲಿ ಒಸರುತ್ತಿದ್ದ ತಿಳಿನೀರು ಮಣ್ಣು ಕರಗಿ ಕೆಂಪಾಯಿತು. ಒಳಗೆ ಬಂದವನೇ ಇಬ್ಬರನ್ನೂ ಈಗಲೇ ಜಗಲಿಗೆ ಕರೆತನ್ನಿ ಎಂದ. ಮಗುವಿಗೆ ಶೀತವಾದರೆ ಯಾರು ಹೊಣೆ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ನಾವೆಲ್ಲ ಅಮ್ಮನ ಕಡೆ.

"ಅಕ್ಕಾ, ಶೀತ ಆದ್ರೆ ಕಷಾಯ ಕೊಡ್ಬಹುದು. ಮಣ್ಣು ಬಿದ್ರೆ ಎಂತ ಕೊಡ್ತಿ?"

ಅಮ್ಮ ಜಗ್ಗಲಿಲ್ಲ. ಎಷ್ಟೇ ಜಗಳವಾಡಿದರೂ ಅಕ್ಕನ ಮಾತು ಮೀರಿ ಗೊತ್ತಿಲ್ಲದ ಮಾವ ಅವಳನ್ನು ತೋಳು ಹಿಡಿದು ಬದಿಗೆ ಸರಿಸಿದ. ಕೂಸನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಜಗಲಿಗೆ ನಡೆದ. ಹಿಂದೆ ತಂಗಿ, ಅವಳ ಹಿಂದೆ ಬಯ್ಯುತ್ತ ಅಮ್ಮ.

ಬೈಗುಳ ಇನ್ನೂ ಮುಗಿದಿರಲಿಲ್ಲ, ಹಿಂದುಗಡೆ ಯಾರೋ ದೊಡ್ಡದಾಗಿ ಉಸಿರು ಬಿಟ್ಟಂತಾಯಿತು. ಬಳಿಕ ಹೆಂಚು ಒಡೆಯುವ ಸದ್ದು. ಓಡಿಹೋಗಿ ನೋಡಿದರೆ ಬಾಣಂತಿ ಕೋಣೆಯಲ್ಲಿ ಮಂಚವೇ ಕಾಣಲಿಲ್ಲ. ಕಿಟಕಿಯ ಮಟ್ಟಕ್ಕೆ ಕೆಮ್ಮಣ್ಣು ತುಂಬಿತ್ತು.

ಇನ್ನು ಪಾಠ ಶುರು ಎಂದು ನಾವು ತಲೆ ತಗ್ಗಿಸಿ ನಿಂತೆವು. ಇಷ್ಟು ವರ್ಷ ಕೂಗಾಡಿದವನು ಇವತ್ತು ಬಿಡುತ್ತಾನೆಯೇ? ಮಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಕೂಸನ್ನು ಕೇಳಿದರೆ ಕೊಡಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ಇದು ಬೀಳುತ್ತದೆಂದು ನಿನಗೆ ಹೇಗೆ ಗೊತ್ತಾಯಿತೋ ಎಂದು ಅಳುತ್ತ ಕೇಳಿದಳು.

"ನಂಗೆಂತ ಗೊತ್ತಿತ್ತು ಅಕ್ಕಾ? ಬೀಳೂದಿಲ್ಲ ಅಂತ್ಲೇ ಅಂದ್ಕಂಡಿದ್ದೆ" ಎಂದ ಮಾವ. "ಆದ್ರೂ ಒಳಗೆ ಕೂಸು ಇತ್ತಲ್ಲ, ಅದ್ಕೇ."