ಬುಟ್ಟಿಯೊಳಗಿನ ಕಾಲು ಮಾತ್ರೆ

— ಡಾಕ್ಟ್ರೇ, ಇದೇನು ಮಾತ್ರೆಯೋ, ಮಾತ್ರೆ ಚೂರೋ? ಇಷ್ಟರಲ್ಲಿ ಇರುವೆಗೂ ಗುಣ ಆಗಲ್ಲ.

ಮೂರನೇ ಮಹಡಿಯ ಬಾಲ್ಕನಿಯಿಂದ ದೌಲತಜ್ಜಿ ಹಗ್ಗ ಕಟ್ಟಿದ ಬುಟ್ಟಿಯನ್ನು ಮೂರನೇ ಸಲ ಕೆಳಗೆ ಬಿಟ್ಟಳು. ಕೆಳಗೆ, ಓಣಿಯವರೆಲ್ಲ ಡಾಕ್ಟ್ರೇ ಎಂದೇ ಕರೆಯುವ ಔಷಧದಂಗಡಿಯ ವಗ್ದಿಗೆ ಮೇಲೆ ನೋಡಿ ನೋಡಿ ಕುತ್ತಿಗೆ ಉಳುಕಿತ್ತು. ಅಲೆಕ್ಸಾಂಡ್ರಿಯಾದ ಆ ಓಣಿಯಲ್ಲಿ ಈರುಳ್ಳಿಯಿಂದ ಔಷಧದವರೆಗೆ ಎಲ್ಲವೂ ಬುಟ್ಟಿಯಲ್ಲೇ ಮೇಲೇರುವುದು. ಜಗಳಕ್ಕೆ ಮಾತ್ರ ಬುಟ್ಟಿಯೂ ಬೇಡ.

ವಗ್ದಿ: ದೊಡ್ಡಾಸ್ಪತ್ರೆಯವರು ಬರೆದಿರೋದೇ ಕಾಲು ಮಾತ್ರೆ, ಅಜ್ಜಿ.

ಅಜ್ಜಿ: ಎದುರುಮನೆ ಸನಿಯಾ ಮಗಳಿಗೂ ನಮ್ಮ ಹನೀನ್ ವಯಸ್ಸೇ, ಏಳು. ದಿನಾ ಇದೇ ಮಾತ್ರೆ ಇಡೀದು ನುಂಗ್ತಾಳೆ, ಫಿಟ್ಸ್ ನಿಂತು ವರ್ಷ ಆಯ್ತು. ನನ್ನ ಮೊಮ್ಮಗಳು ನಿನ್ನೆ ಶಾಲೇಲಿ ಮತ್ತೆ ಬಿದ್ದಳು. ಅವಳ ಹತ್ರ ಯಾಕೆ ಈ ಜಿಪುಣತನ?

ವಗ್ದಿ: ಅತಿಯಾದ್ರೆ ಅಮೃತಾನೂ ವಿಷ.

ಅಜ್ಜಿ: ಗಾದೆ ಕೇಳಿ ಫಿಟ್ಸ್ ನಿಲ್ಲತ್ತಾ?

ಸನಿಯಾ ತನ್ನ ಮಗಳ ಮಾತ್ರೆಯ ಒಂದು ಸ್ಟ್ರಿಪ್ಪನ್ನು ಪ್ರೀತಿಯಿಂದ ಕೊಟ್ಟಿದ್ದಾಳೆ, ಊಟವಾದ ಮೇಲೆ ಅದರಲ್ಲೇ ಇಡೀದೊಂದು ಕೊಡುತ್ತೇನೆ ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಸಾರಿದಳು. ವಗ್ದಿಗೆ ಗೊತ್ತಿತ್ತು: ಆ ಮಾತ್ರೆ ಒಮ್ಮೆಗೇ ಹೆಚ್ಚಾದರೆ ಮಗುವಿನ ಮೈಯೆಲ್ಲ ಬೊಬ್ಬೆ ಎದ್ದು, ಚರ್ಮ ಸುಲಿದು, ಪ್ರಾಣಕ್ಕೇ ಸಂಚಕಾರ ಬರಬಹುದು.

ವಗ್ದಿ: ಸನಿಯಾ ಮಗಳಿಗೆ ಇದೊಂದೇ ಔಷಧ. ಹನೀನ್ ಫಿಟ್ಸಿನ ಹಳೇ ಸಿರಪ್ಪೂ ಕುಡೀತಾಳಲ್ಲ, ಅದು ಈ ಮಾತ್ರೇನ ಮೈಯಿಂದ ಬೇಗ ಹೊರಗೆ ಹೋಗೋಕೆ ಬಿಡಲ್ಲ.

ಅಜ್ಜಿ: ಒಳ್ಳೇದೇ ಆಯ್ತಲ್ಲ. ಮನೆಗೆ ಬಂದ ನೆಂಟನ್ನ ಯಾರಾದ್ರೂ ಹೊರಗೆ ಕಳಿಸ್ತಾರಾ? ಕಾಲು ತಟ್ಟೆ ಬಡಿಸೋ ಮನೆ ನಮ್ದಲ್ಲ.

ವಗ್ದಿಗೆ ಇದ್ದಕ್ಕಿದ್ದಂತೆ ಆ ಮನೆಯಲ್ಲಿ ತಾನು ಉಂಡದ್ದು ನೆನಪಾಯಿತು.

ವಗ್ದಿ: ರಂಜಾನಿನಲ್ಲಿ ನಿಮ್ಮನೇಗೆ ಊಟಕ್ಕೆ ಬಂದಿದ್ದೆ. ಎದ್ದಾಗೆಲ್ಲ ಆಣೆ ಹಾಕಿ ಕೂರಿಸಿದ್ರಿ.

ಅಜ್ಜಿ: ಅನ್ನ ತುಂಬಿದ ಎಲೆಕೋಸಿನ ಸುರುಳಿ. ಇಷ್ಟಪಟ್ಟು ತಿಂದ್ರಿ.

ವಗ್ದಿ: ಮೊದಲ ಎಂಟು ಇಷ್ಟಪಟ್ಟು ತಿಂದೆ. ಉಳಿದ ಇಪ್ಪತ್ನಾಲ್ಕು ನಿಮ್ಮ ಆಣೆಗೆ ಹೆದರಿ ತಿಂದೆ. ಎರಡು ದಿನ ಅಂಗಡಿ ಬಾಗಿಲು ತೆಗೀಲಿಲ್ಲ. ಆ ಸಿರಪ್ಪು ನಿಮ್ಮ ಥರಾನೇ ಅಜ್ಜಿ, ಬಂದೋರನ್ನ ಏಳೋಕೇ ಬಿಡಲ್ಲ. ದಿನಾ ಇಡೀ ಮಾತ್ರೆ ಕಳಿಸ್ತಾ ಹೋದ್ರೆ ನೆಂಟರ ಮೇಲೆ ನೆಂಟರು ಕೂತು ಮನೇನೇ ಕುಸಿಯತ್ತೆ.

ಅಕ್ಕಪಕ್ಕದ ಬಾಲ್ಕನಿಗಳಲ್ಲಿ ನಗು ಎದ್ದಿತು. ಅಜ್ಜಿ ನಗಲಿಲ್ಲ. ಹಾಗಾದರೆ ಮುಂದೇನು ಎಂದು ಮೆಲ್ಲಗೆ ಕೇಳಿದಳು. ಎರಡು ವಾರ ಕಾಲು ಮಾತ್ರೆ, ಮೈಮೇಲೆ ಏನೂ ಏಳದಿದ್ದರೆ ಡಾಕ್ಟರೇ ಸ್ವಲ್ಪ ಹೆಚ್ಚಿಸುತ್ತಾರೆ, ಒಂದೇ ಒಂದು ಕಲೆ ಕಂಡರೂ ನೇರ ಆಸ್ಪತ್ರೆಗೆ ಎಂದು ವಗ್ದಿ ಹೇಳಿದ.

ಅಜ್ಜಿ ಬುಟ್ಟಿಯನ್ನು ಮೇಲೆಳೆದು ಮತ್ತೆ ಇಳಿಸಿದಳು. ಅದರಲ್ಲಿ ಸನಿಯಾ ಕೊಟ್ಟ ಸ್ಟ್ರಿಪ್ ಇತ್ತು, ಒಂದು ಮಾತ್ರೆಯೂ ಕಡಿಮೆಯಾಗಿರಲಿಲ್ಲ. ವಗ್ದಿಗೆ ಹೋದ ಜೀವ ಬಂದಂತಾಯಿತು.

ಮಧ್ಯಾಹ್ನ ಬುಟ್ಟಿ ಮತ್ತೆ ಬಂತು. ಮುಚ್ಚಿದ ತಟ್ಟೆ, ಬಿಸಿ ಹಬೆ. ತೆರೆದು ನೋಡಿದರೆ ಎಲೆಕೋಸಿನ ಸುರುಳಿಯ ಬೆರಳುಗುರಿನಷ್ಟು ತುಂಡು.

— ಇದೇನಜ್ಜಿ ಇದು?

— ಕಾಲು ಸುರುಳಿ. ಎರಡು ವಾರ ನೋಡ್ತೀನಿ. ಮೈಮೇಲೆ ಏನೂ ಏಳದಿದ್ರೆ ಅರ್ಧ ಕಳಿಸ್ತೀನಿ.