ಮಾವನ ಸೈಕಲ್ಲಿನ ಆಕ್ಸಲ್ಲು

ಆ ಬೂದುಗುಂಬಳಕಾಯಿ ಒಂದಿಷ್ಟು ಚಿಕ್ಕದಾಗಿದ್ದಿದ್ದರೆ ವೇಣುಗೋಪಾಲನಿಗೆ ಈ ಪಾಡು ಬರುತ್ತಿರಲಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿಯ ಆಯುಧಪೂಜೆಯ ಬೆಳಿಗ್ಗೆ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಇದ್ದುದರಲ್ಲೇ ದೊಡ್ಡ ಕಾಯಿಯನ್ನು ಆರಿಸಿ ಕ್ಯಾರಿಯರ್‌ಗೆ ಕಟ್ಟಿಕೊಂಡು ಬರುತ್ತಿದ್ದ. ಹಿಂದಿನ ಚಕ್ರ ಒಂದು ಹಳ್ಳಕ್ಕೆ ಇಳಿಯಿತು, ಕಟಕ್ ಎಂದಿತು, ಅಲ್ಲೇ ಸೊಟ್ಟಗೆ ನಿಂತಿತು. ನೋಡಿದರೆ ಆಕ್ಸಲ್ಲು ಎರಡು ತುಂಡು. ಸೈಕಲ್ಲಿಗೆ ದೃಷ್ಟಿ ತೆಗೆದು ಒಡೆಯಲೆಂದು ತಂದ ಕಾಯಿ ಸೈಕಲ್ಲನ್ನೇ ಮುರಿದಿತ್ತು. ಕಾಯಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಬೇರೆ ದಿನವಾಗಿದ್ದರೆ ಸೈಕಲ್ಲನ್ನು ಮೂಲೆಗೆ ಒರಗಿಸಿ ಸುಮ್ಮನಿದ್ದುಬಿಡುತ್ತಿದ್ದ. ಆದರೆ ಮಧ್ಯಾಹ್ನದ ಊಟಕ್ಕೆ ಅಂಬಾಜಿದುರ್ಗದ ಕಡೆಯಿಂದ ಮಾವ ಗಂಗುಲಪ್ಪ ಬರುವವರಿದ್ದರು. ಹನ್ನೊಂದು ವರ್ಷದ ಹಿಂದೆ ಮದುವೆ ಚಪ್ಪರದಲ್ಲಿ ಈ ಸೈಕಲ್ ಕೊಟ್ಟವರು ಅವರೇ. ಅಂದಿನಿಂದ ಮನೆಗೆ ಬಂದಾಗಲೆಲ್ಲ, ಮಗಳು ಕೊಟ್ಟ ನೀರು ಕುಡಿಯುವ ಮೊದಲೇ, ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡುತ್ತಿದ್ದರು. "ಕೊಟ್ಟ ಸೈಕಲ್ಲು ನೋಡ್ಕಳ್ದೋನು ಕೊಟ್ಟ ಹೆಣ್ಣನ್ನ ಏನು ನೋಡ್ಕಂತಾನೆ?" ಎಂದು ಅವರು ಯಾರದೋ ಅಳಿಯನ ಬಗ್ಗೆ ಅಂದದ್ದನ್ನು ವೇಣುಗೋಪಾಲ ಮರೆತಿರಲಿಲ್ಲ. ಅವರು ಬರುವಷ್ಟರಲ್ಲಿ ಆ ಚಕ್ರ ತಿರುಗಲೇಬೇಕಿತ್ತು.

ಹಿಂಭಾಗವನ್ನು ಎತ್ತಿ ಹಿಡಿದು, ಏದುಸಿರು ಬಿಡುತ್ತ ಎರ್ರಪ್ಪನ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದ. ಅಂಗಡಿಯ ತುಂಬ ಚೆಂಡುಹೂವು, ಬಾಳೆಕಂದು. ದಿನಾ ಗ್ರೀಸಿನಲ್ಲಿ ಮುಳುಗಿರುತ್ತಿದ್ದ ಎರ್ರಪ್ಪ ಬಿಳಿ ಪಂಚೆಯುಟ್ಟು ಮದುಮಗನ ಹಾಗೆ ಕುಳಿತಿದ್ದ. ಪಾನಾ, ಸುತ್ತಿಗೆ, ಸ್ಕ್ರೂಡ್ರೈವರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಪಟದ ಮುಂದೆ ಮಲಗಿದ್ದವು.

"ಇವತ್ತು ಮುಟ್ಟಂಗಿಲ್ಲ ಸಾರ್. ಪೂಜೆಗೆ ಇಟ್ಟಾಯ್ತು. ನಾಳೆ ತಗೊಂಬನ್ನಿ" ಎಂದ ಎರ್ರಪ್ಪ.

"ನಮ್ಮ ಮಾವ ಬರೋದು ಇವತ್ತು ಕಣಯ್ಯ!"

"ಬರ್ಲಿ ಬಿಡಿ ಸಾರ್, ಹಬ್ಬ ಅಲ್ವಾ."

"ಒಂದೇ ಒಂದು ಪಾನಾ ಕೊಡು. ನಾನೇ ಬಿಚ್ಕಂತೀನಿ."

"ಅಯ್ಯೋ ದೇವುಡಾ! ದೇವ್ರ ಮುಂದೆ ಇಟ್ಟಿದ್ದನ್ನ ಎತ್ಕೊಡು ಅಂತೀರಲ್ಲ ಸಾರ್. ಆಕ್ಸಲ್ ಬೇಕಾದ್ರೆ ತಗಳ್ಳಿ. ಮಾರಕ್ಕೆ ದೋಷ ಇಲ್ಲ, ಬಿಚ್ಚಕ್ಕೆ ದೋಷ." ವೇಣುಗೋಪಾಲನ ಮುಖ ನೋಡಿ ಎರ್ರಪ್ಪನಿಗೂ ಅಯ್ಯೋ ಅನ್ನಿಸಿತು. "ಬೇಕಾದ್ರೆ ಮನೆ ತಂಕ ಬಂದು ಬಾಯಲ್ಲಿ ಹೇಳ್ಕೊಡ್ತೀನಿ. ಬಾಯಿಗೇನು ಪೂಜೆ ಮಾಡಿಲ್ವಲ್ಲ."

ಬೀದಿಯಲ್ಲಿ ನಾಲ್ಕು ಮನೆಯ ಬಾಗಿಲು ತಟ್ಟಿದ್ದಾಯಿತು. ಎಲ್ಲರ ಪಾನಾಗಳೂ ದೇವರ ಕೋಣೆ ಸೇರಿದ್ದವು. ಪಕ್ಕದ ಮನೆಯ ಅನಂತರಾಮಯ್ಯ, ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು, "ಪಾನಾ ಇಲ್ಲಪ್ಪ ವೇಣು, ನಾನೇ ಬರ್ತೀನಿ" ಎಂದು ಕುರ್ಚಿ ತಂದು ಅಂಗಳದಲ್ಲಿ ಹಾಕಿಕೊಂಡು ಕುಳಿತರು. ಮಡಿಲಲ್ಲಿ ಒಂದು ತಟ್ಟೆ ಕಡ್ಲೆಪುರಿ.

ಕೊನೆಗೆ ಉಳಿದದ್ದು ಅಡುಗೆಮನೆಯ ಇಕ್ಕಳ.

"ಪಾಯಸದ ಪಾತ್ರೆನ ಬರೀ ಕೈಲಿ ಇಳಿಸ್ಲೇನ್ರೀ?" ಎಂದು ರೇಗಿದಳು ಹೆಂಡತಿ ರಾಧಾಮಣಿ.

"ನಿಮ್ಮಪ್ಪ ಕೊಟ್ಟ ಸೈಕಲ್ ಕಣೇ!"

ಅಪ್ಪನ ಹೆಸರು ಬಂದದ್ದಕ್ಕೆ ಇಕ್ಕಳ ಕೈಗೆ ಬಂತು.

ನಟ್ಟಿಗೆ ಸೀಮೆಎಣ್ಣೆ ಸುರಿದು, ಇಕ್ಕಳದಿಂದ ಹಿಡಿದು, ಗುಂಡುಕಲ್ಲಿನಿಂದ ಕುಟ್ಟಿದ. ಅರ್ಧ ಗಂಟೆಯಲ್ಲಿ ನಟ್ಟಿಗಿಂತ ಹೆಚ್ಚು ಏಟು ಹೆಬ್ಬೆರಳಿಗೆ ಬಿದ್ದಿತ್ತು. ಎರ್ರಪ್ಪ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, "ಎಡಕ್ಕೆ ಸಾರ್, ಎಡಕ್ಕೆ! ಅಯ್ಯೋ, ಅದು ಬಲ!" ಎಂದು ಒದ್ದಾಡುತ್ತಿದ್ದ. ಕೈ ತಾನಾಗಿ ಮುಂದಕ್ಕೆ ಹೋದೀತೆಂಬ ಭಯಕ್ಕೆ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದ. ಮೇಷ್ಟ್ರು ಸನ್ನೆಗೋಲಿನ ಸೂತ್ರ ವಿವರಿಸತೊಡಗಿದರು. ಸೂತ್ರ ಮುಗಿಯುವ ಮೊದಲೇ ನಟ್ಟು ಬಿಚ್ಚಿಕೊಂಡಿತು, ಅಷ್ಟು ಬೇಸರ ಅದಕ್ಕೂ ಆಗಿರಬೇಕು.

ಚಕ್ರ ಹೊರಬಂತು. ಮುರಿದ ತುಂಡು ಎಳೆದದ್ದೇ ತಡ, ಒಳಗಿದ್ದ ಉಕ್ಕಿನ ಗುಂಡುಗಳು ಚಿಲ್ಲನೆ ಚೆಲ್ಲಿ ರಂಗೋಲಿಯ ಮೇಲೆಲ್ಲ ಓಡಿದವು.

"ಒಂದು ಕಡೆಗೆ ಒಂಬತ್ತು ಸಾರ್, ಒಟ್ಟು ಹದಿನೆಂಟು. ಒಂದು ಕಮ್ಮಿಯಾದ್ರೂ ಚಕ್ರ ಆಡ್ತದೆ" ಎಂದ ಎರ್ರಪ್ಪ.

ವೇಣುಗೋಪಾಲ ಮಂಡಿಯೂರಿ ಆರಿಸಿದ. ಮೇಷ್ಟ್ರು ಮೂರು ಸಲ ಎಣಿಸಿದರು, ಮೂರು ಸಲವೂ ಹದಿನೇಳೇ. ಚರಂಡಿಗೆ ಕೈ ಹಾಕಿದ್ದಾಯಿತು, ತುಳಸಿಕಟ್ಟೆಯ ಸಂದಿ ಕೆದಕಿದ್ದಾಯಿತು. ಅಷ್ಟರಲ್ಲಿ ಕಡ್ಲೆಪುರಿ ಅಗಿಯುತ್ತಿದ್ದ ಮೇಷ್ಟ್ರು "ಅಮ್ಮಾ!" ಎಂದು ಕೆನ್ನೆ ಹಿಡಿದುಕೊಂಡರು. ತಟ್ಟೆಗೆ ಹಾರಿ ಬಿದ್ದಿದ್ದ ಹದಿನೆಂಟನೆಯದು ಸಿಕ್ಕಿತು. ವೇಣುಗೋಪಾಲನಿಗೆ ಮೇಷ್ಟ್ರ ಹಲ್ಲಿನ ಬಗ್ಗೆ ವಿಚಾರಿಸುವಷ್ಟೂ ತಾಳ್ಮೆ ಉಳಿದಿರಲಿಲ್ಲ. ಗುಂಡನ್ನು ಕಿತ್ತುಕೊಂಡು, ಪಂಚೆಗೆ ಒರೆಸಿ, ಗ್ರೀಸು ಹಚ್ಚಿ ಒಳಗೆ ಕೂರಿಸಿದ.

ಹೊಸ ಆಕ್ಸಲ್ಲು ತೂರಿಸಿ, ಚೈನು ಏರಿಸಿ, ಕೊನೆಯ ನಟ್ಟು ಬಿಗಿದು, ಸೈಕಲ್ಲಿಗೆ ಅರಿಶಿನ ಕುಂಕುಮ ಬಳಿದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಗಂಗುಲಪ್ಪ ಬೀದಿಯಲ್ಲಿ ನಡೆದು ಬರುತ್ತಿದ್ದರು.

ಬಂದವರೇ ನೇರ ಸೈಕಲ್ಲಿನ ಹತ್ತಿರ ಹೋಗಿ ಚಕ್ರ ಎತ್ತಿ ತಿರುಗಿಸಿದರು. ಅದು ಸುಯ್ಯೆಂದು ತಿರುಗಿತು. ಗಂಗುಲಪ್ಪನವರ ಹುಬ್ಬು ಮೇಲೇರಿತು.

"ಏನ್ ಅಳಿಯಂದ್ರೆ, ರಿಪೇರಿ ಗಿಪೇರಿ ಏನೂ ಬರ್ಲಿಲ್ವಾ ಇದಕ್ಕೆ?"

ನಿಜ ಹೇಳಬಹುದಿತ್ತು. ಆದರೆ ಬೆಳಗಿನಿಂದ ಪಟ್ಟ ಪಾಡಿಗೆ ಒಂದು ಶಹಬ್ಬಾಸ್‌ಗಿರಿಯಾದರೂ ಬೇಡವೇ? "ಒಂದು ನಟ್ಟು ಸಹ ಬಿಚ್ಚಿಲ್ಲ ಮಾವ! ಇನ್ನೂ ಹತ್ತು ವರ್ಷ ಓಡ್ತದೆ" ಎಂದ ವೇಣುಗೋಪಾಲ, ಗ್ರೀಸಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

"ಗಟ್ಟಿ ಸೈಕಲ್ಲು, ನಾವೇ ಸಾಕ್ಷಿ" ಎಂದರು ಮೇಷ್ಟ್ರು ಕೆನ್ನೆ ಸವರಿಕೊಳ್ಳುತ್ತ.

"ಗ್ಯಾರಂಟಿ ನಂದು" ಎಂದ ಎರ್ರಪ್ಪ.

ಗಂಗುಲಪ್ಪನವರ ಮುಖ ಅರಳಿತು. "ಸಂತೋಷ ಆಯ್ತು, ನನ್ನ ತಲೆನೋವೂ ಹೋಯ್ತು. ಈ ಸಲ ರೇಷ್ಮೆಗೂಡಿಗೆ ಒಳ್ಳೆ ರೇಟು ಸಿಕ್ತು, ಹೊಸಾ ಮೊಪೆಡ್ ಒಂದು ತಗೊಂಡ್ಬಂದೆ. ಆಂಜನೇಯನ ಗುಡಿ ಮುಂದೆ ಪೂಜೆಗೆ ನಿಲ್ಸಿದೀನಿ. ನಿಮಗೆ ಕೊಡ್ಲಾ, ಚಿಕ್ಕಳಿಯ ಕನಕರಾಜಂಗೆ ಕೊಡ್ಲಾ ಅಂತ ದಾರಿಯೆಲ್ಲಾ ಯೋಚ್ನೆ. ಅವನು ಮೊನ್ನೆ ಮುಚ್ಚುಮರೆ ಇಲ್ದೆ ಹೇಳ್ಬಿಟ್ಟ, ಮಾವ, ನೀವು ಕೊಟ್ಟ ಸೈಕಲ್ಲು ಮುರ್ದೋಯ್ತು ಅಂತ. ನಿಮ್ಮದಕ್ಕೇನು, ಕಲ್ಲಿದ್ದಂಗಿದೆ. ಗಾಡಿ ಅವನಿಗೇ ಆಗ್ಲಿ."

ವೇಣುಗೋಪಾಲನ ಬಾಯಿ ತೆರೆಯಿತು. "ಮಾವ, ಅದು... ಆಕ್ಸಲ್ಲು..." ಎಂದಿತು. ಮುಂದೆ ಹೇಳಿದರೆ ಸುಳ್ಳುಗಾರ, ಹೇಳದಿದ್ದರೆ ಮೊಪೆಡ್ಡಿಲ್ಲ. ಬಾಯಿ ಮುಚ್ಚಿತು.

ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡ ಗಂಗುಲಪ್ಪ, "ಗುಡಿ ತಂಕ ಬಿಟ್ಬಿಡಿ ಅಳಿಯಂದ್ರೆ, ಹೊಟ್ಟೆ ಭಾರ ಆಯ್ತು" ಎಂದು ಕ್ಯಾರಿಯರ್ ಮೇಲೆ ಕುಳಿತರು.

ವೇಣುಗೋಪಾಲ ತುಳಿದ. ಮುರಿ, ಈಗಲಾದರೂ ಮುರಿದು ಬೀಳು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ, ಕಂಡ ಕಂಡ ಹಳ್ಳಕ್ಕೆಲ್ಲ ಬೇಕೆಂದೇ ಚಕ್ರ ಇಳಿಸಿದ. ಆಕ್ಸಲ್ಲು ಕಿಮಕ್ಕೆನ್ನಲಿಲ್ಲ. ಗುಡಿಯ ಮುಂದೆ ಹೂವಿನ ಹಾರ ಹಾಕಿಕೊಂಡು ನಿಂತ ಹೊಸ ಮೊಪೆಡ್ ದೂರದಿಂದಲೇ ಫಳಫಳ ಹೊಳೆಯಿತು.

"ನಿಧಾನ, ಅಳಿಯಂದ್ರೆ" ಎಂದರು ಮಾವ ಹಿಂದಿನಿಂದ ಬೆನ್ನು ತಟ್ಟುತ್ತ. "ಇಂಥಾ ಸೈಕಲ್ಲು ಈಗ ಎಲ್ಲೂ ಸಿಗಲ್ಲ."