‘ತಾತ್ಕಾಲಿಕ-2, ಅಳಿಸಬೇಡಿ’ ಅವರ ಸನ್ನಿಧಾನಕ್ಕೆ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ, ಬಾಗಿಲಿನಿಂದ ಎರಡನೆಯ ಕಪಾಟಿನ ಹಳೆಯ ಯಂತ್ರದೊಳಗೆ, ಹನ್ನೊಂದು ವರ್ಷಗಳಿಂದ ಯಾರ ಹಂಗೂ ಇಲ್ಲದೆ ವಿರಾಜಮಾನರಾಗಿರುವ ಮಾನ್ಯ ವರ್ಚುವಲ್ ಯಂತ್ರದವರೇ,

ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದದ್ದು ಬರೀ ಉಪಚಾರಕ್ಕಲ್ಲ; ತಮ್ಮ ತಂತಿ ಎಲ್ಲಿಗೆ ಹೋಗಿದೆಯೆಂದು ಹುಡುಕುತ್ತಾ ಈ ವಾರ ನಾನು ಎರಡು ಬಾರಿ ಆ ಕೋಣೆಯ ತಣ್ಣನೆಯ ನೆಲದ ಮೇಲೆ ಮೂಗು ತಾಗುವಂತೆ ಉದ್ದಕ್ಕೆ ಮಲಗಿದ್ದೇನೆ, ಅದನ್ನು ತಾವು ದಯವಿಟ್ಟು ನಮಸ್ಕಾರದ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.

ಇದು ಬಹಿರಂಗ ಪತ್ರ, ಲಿಫ್ಟಿನ ಪಕ್ಕದ ಸೂಚನಾಫಲಕದಲ್ಲಿ ತೂಗುವಂಥದ್ದು. ಆದ್ದರಿಂದ ಲಿಫ್ಟಿಗಾಗಿ ಕಾಯುತ್ತಾ ಇದನ್ನು ಓದುವವರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಮಹಾಜನರೇ, ಒಂದು ದೊಡ್ಡ ಕಂಪ್ಯೂಟರನ್ನು ತಂದು, ಅದರ ಮಿದುಳು ನೆನಪುಗಳನ್ನು ಪಾಲು ಮಾಡಿ, ಒಳಗೆ ಮೂವತ್ತೆರಡು ಕಂಪ್ಯೂಟರುಗಳು ಇರುವಂತೆ ನಡೆಸುವುದೇ ನನ್ನ ಉದ್ಯೋಗ. ಪ್ರತಿಯೊಂದೂ ಇಡೀ ಯಂತ್ರ ತನ್ನದೇ ಎಂದುಕೊಂಡಿರುತ್ತದೆ, ನಮ್ಮ ಮನೆಯ ಅಡುಗೆಮನೆಯ ಬಗ್ಗೆ ನಾನೂ ನನ್ನ ಅತ್ತೆಯೂ ಅಂದುಕೊಂಡಿರುವ ಹಾಗೆ. ವರ್ಚುವಲ್ ಯಂತ್ರಗಳೆಂಬ ಈ ಮೂವತ್ತೆರಡರಲ್ಲಿ ಒಬ್ಬರು ರಕ್ತಪರೀಕ್ಷೆಯ ವರದಿ ನೋಡಿಕೊಳ್ಳುತ್ತಾರೆ, ಒಬ್ಬರು ಔಷಧದ ದಾಸ್ತಾನು, ಒಬ್ಬರು ಎಕ್ಸ್-ರೇ ಚಿತ್ರಗಳು. ತಾವು ಏನು ನೋಡಿಕೊಳ್ಳುತ್ತೀರಿ ಎಂಬುದು ಮಾತ್ರ ಕಳೆದ ಗುರುವಾರ ಮಧ್ಯಾಹ್ನದವರೆಗೆ ಭೂಮಂಡಲದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಮ್ಮ ಹೆಸರಿನಲ್ಲೇ ಎಂಥ ಗಾಂಭೀರ್ಯವಿದೆ! ತಾತ್ಕಾಲಿಕರೆಂದು ಹೇಳಿಕೊಂಡು ಹನ್ನೊಂದು ವರ್ಷ ಕೂರುವುದು ದೊಡ್ಡ ದೊಡ್ಡ ಅಧಿಕಾರಿಗಳಿಗೂ ಸಾಧ್ಯವಾಗಿಲ್ಲ. ಎರಡು ಎಂದ ಮೇಲೆ ಒಂದು ಇದ್ದಿರಬೇಕಲ್ಲ, ಆ ಮಹನೀಯರು ಎಲ್ಲಿ ಹೋದರೋ ತಿಳಿಯದು. ‘ಅಳಿಸಬೇಡಿ’ ಎಂಬುದನ್ನು ತಾವು ಬಿರುದಿನಂತೆ ಧರಿಸಿದ್ದೀರಿ, ಆದರೆ ಅಳಿಸಿದರೆ ಏನಾಗುತ್ತದೆಂದು ಹೇಳುವ ಸಣ್ಣ ಮನಸ್ಸು ಮಾಡಿಲ್ಲ. ತಮ್ಮನ್ನು ಸೃಷ್ಟಿಸಿದವರು ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದು ನಿವೃತ್ತರಾದ ಹಿರಿಯರು. ಯಾವ ಯಂತ್ರ ಏಕಿದೆ ಎಂದು ಬರೆದಿಡಿ ಎಂದು ಯಾರು ಕೇಳಿದರೂ “ಆಮೇಲೆ ಬರೆದಿಡ್ತೀನಿ ಬಿಡಿ” ಎನ್ನುತ್ತಿದ್ದುದರಿಂದ ಇಡೀ ಆಸ್ಪತ್ರೆ ಅವರನ್ನು ಆಮೇಲಣ್ಣ ಎಂದೇ ಕರೆಯುತ್ತಿತ್ತು.

ತಾವು ವಾಸವಾಗಿರುವ ಹಳೆಯ ಯಂತ್ರ ಮುದಿಯಾಗಿ, ಫ್ಯಾನುಗಳು ಗೊರಕೆ ಹೊಡೆಯತೊಡಗಿದ್ದರಿಂದ, ಒಳಗಿರುವ ಎಲ್ಲರನ್ನೂ ಶುಕ್ರವಾರದೊಳಗೆ ಹೊಸ ಯಂತ್ರಕ್ಕೆ ಸಾಗಿಸಬೇಕೆಂದು ನಮ್ಮ ಮೇಲಧಿಕಾರಿಗಳು ಅಪ್ಪಣೆ ಮಾಡಿದ್ದರು. ಮೂವತ್ತೊಂದು ಜನ ಕೆಲಸ ಮಾಡುತ್ತಾ ಮಾಡುತ್ತಲೇ ಮನೆ ಬದಲಾಯಿಸಿದರು. ವರದಿ ನೋಡುತ್ತಿದ್ದ ವೈದ್ಯರಿಗೆ ತಮ್ಮ ಕಾಲ ಕೆಳಗಿನ ಯಂತ್ರ ಬದಲಾದದ್ದೂ ಗೊತ್ತಾಗಲಿಲ್ಲ. ತಾವೊಬ್ಬರು ಮಾತ್ರ, ಹೊರಗಿನ ಸಾಧನವೊಂದು ಅಂಟಿಕೊಂಡಿದೆ, ಸ್ಥಳಾಂತರ ಅಸಾಧ್ಯ ಎಂಬ ಒಂದೇ ಸಾಲಿನ ಉತ್ತರ ಕೊಟ್ಟು ಸುಮ್ಮನಾದಿರಿ. ನೆಲದ ಮೇಲೆ ಮಲಗಿ ನೋಡಿದಾಗ ಹಿಂಬದಿಯಲ್ಲಿ ಯಂತ್ರವನ್ನು ಫೋನ್ ತಂತಿಗೆ ಸೇರಿಸುವ, ಹೆಬ್ಬೆರಳಿನಷ್ಟು ದೊಡ್ಡ ಟೆಲಿಫೋನ್ ಸಾಧನವೂ, ಅದೇ ತಂತಿಗೆ ಜೋಡಿಸಿದ, ಧೂಳು ಹೊದ್ದ ಕೆಂಪು ಟೆಲಿಫೋನೂ ಕಂಡವು. ಹಳೆಯ ಫ್ಯಾಕ್ಸಿನದು ಇರಬೇಕೆಂದು ನಾನು ತೀರ್ಮಾನಿಸಿದೆ. ಎಷ್ಟು ಬುದ್ಧಿವಂತೆ ನೋಡಿ ನಾನು.

ಆದರೂ ದುಡುಕಲಿಲ್ಲ. ಇದು ಯಾರದೆಂದು ಎಲ್ಲ ವಿಭಾಗಗಳಿಗೂ ಪತ್ರ ಬರೆದೆ. ಹದಿನಾಲ್ಕು ವಿಭಾಗದವರು ನಮ್ಮದಲ್ಲ ಎಂದರು. ಮೂವರು ನಮ್ಮದೇ, ಆದರೆ ಅದು ಏನೆಂದು ತಿಳಿಸಿ ಎಂದರು. ಉಳಿದವರು ಇದೇ ಸಂದರ್ಭ ನೋಡಿಕೊಂಡು ತಮ್ಮ ಪ್ರಿಂಟರ್ ಕೆಟ್ಟಿರುವುದನ್ನು ನನ್ನ ಗಮನಕ್ಕೆ ತಂದರು. ತಮ್ಮ ಒಳಗೆ ಹೋಗಿ ನೋಡೋಣವೆಂದರೆ ಪಾಸ್‌ವರ್ಡ್ ಆಮೇಲಣ್ಣನವರ ತಲೆಯಲ್ಲಿತ್ತು, ಅವರ ಫೋನು ಸೋಮವಾರವಿಡೀ ವ್ಯಾಪ್ತಿಪ್ರದೇಶದ ಹೊರಗಿತ್ತು.

ಕೊನೆಗೆ ನಮ್ಮ ವೃತ್ತಿಯಲ್ಲಿ ಕೈಸೋತವರು ಮಾಡುವುದನ್ನೇ ಮಾಡಿದೆ. ಅದಕ್ಕೆ ನಾವು ಕೂಗು ಪರೀಕ್ಷೆ ಎನ್ನುತ್ತೇವೆ. ಮಹಾಜನರಿಗೆ ಹೇಳುವುದಾದರೆ, ಒಂದು ಯಂತ್ರ ಯಾರಿಗೆ ಬೇಕೆಂದು ತಿಳಿಯದಿದ್ದಾಗ ಅದನ್ನು ಆರಿಸಿ, ಯಾರು ಕೂಗುತ್ತಾ ಓಡಿಬರುತ್ತಾರೆಂದು ಕಾಯುವುದು. ಮೂರು ದಿನ ಯಾರೂ ಕೂಗದಿದ್ದರೆ ಅದು ಯಾರಿಗೂ ಬೇಡವೆಂದು ತಿಳಿದು ಅಳಿಸಿಬಿಡುವುದು. ಕೇಳಲು ಕಾಡುಜನರ ಪದ್ಧತಿಯಂತಿದ್ದರೂ ಇದಕ್ಕೆ ಮೇಲಧಿಕಾರಿಗಳ ಸಹಿ ಇರುವ ಒಂದು ಪುಟದ ನಿಯಮಾವಳಿ ಇದೆ. ಸೋಮವಾರ ಸಂಜೆ ನಾಲ್ಕಕ್ಕೆ ತಮ್ಮನ್ನು ಆರಿಸಿದೆ. ಗುರುವಾರ ಸಂಜೆ ನಾಲ್ಕಕ್ಕೆ ತಮ್ಮ ಮುಕ್ತಿಯೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಯಾರೂ ಕೂಗಲಿಲ್ಲ. ಮಂಗಳವಾರ ಬೆಳಿಗ್ಗೆಯೂ ಇಲ್ಲ, ಮಧ್ಯಾಹ್ನವೂ ಇಲ್ಲ. ಮೇಲಧಿಕಾರಿಗಳು ನನ್ನ ಮೇಜಿನ ಬಳಿ ಬಂದು “ನೋಡಿದ್ರಾ, ಹನ್ನೊಂದು ವರ್ಷದಿಂದ ದಂಡಕ್ಕೆ ಇಟ್ಕೊಂಡಿದ್ವಿ” ಎಂದು ಖುಷಿಪಟ್ಟರು, ನಾನೂ ಹಲ್ಲು ಬಿಟ್ಟೆ.

ಈಗ ಬರೆಯುವುದು ನನಗೆ ನಾಚಿಕೆಯ ವಿಷಯ. ನನ್ನ ನಾದಿನಿ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಡಯಾಲಿಸಿಸ್ ವಾರ್ಡಿನ ನರ್ಸು; ಮೂತ್ರಪಿಂಡ ಕೆಲಸ ಮಾಡದವರ ರಕ್ತವನ್ನು ದಿನ ಬಿಟ್ಟು ದಿನ ಯಂತ್ರದಲ್ಲಿ ಶುದ್ಧಿ ಮಾಡುವ ಜಾಗ ಅದು. ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಅವಳು, ಇವತ್ತು ವಾರ್ಡಿನಲ್ಲಿ ಎಲ್ಲಾ ಅಯೋಮಯ, ಬೆಳಗಿನವರು ಸಂಜೆ ಬಂದರು, ಸಂಜೆಯವರು ಬೆಳಿಗ್ಗೆಯೇ ಬಂದು ಕೂತರು, ಎಲ್ಲರಿಗಿಂತ ಮೊದಲು ಬರುವ ನೀಲಿ ಶಾಲಿನ ಅಜ್ಜಿ ಬರಲೇ ಇಲ್ಲ ಎಂದಳು. ನಾನು ತಟ್ಟೆಯಿಂದ ತಲೆಯೆತ್ತದೆ “ಮರೆತಿರ್ತಾರೆ ಬಿಡೇ” ಎಂದೆ. “ಮರೆಯೋದು ಹೇಗತ್ತಿಗೆ, ಹಿಂದಿನ ದಿನ ಫೋನ್ ಹೋಗುತ್ತಲ್ಲ” ಎಂದಳು. ಆ ಫೋನು ಮಾಡುವವರು ಯಾರು ಎಂದು ನಾನು ಕೇಳಲಿಲ್ಲ. ಕೂಗು ನನ್ನ ತಟ್ಟೆಯ ಎದುರಿಗೇ ಬಂದು ಕೂತಿತ್ತು, ನಾನು ಇನ್ನೊಂದು ಸೌಟು ಬಡಿಸಿಕೊಂಡೆ.

ಗುರುವಾರ ಮೂರು ಗಂಟೆಗೆ, ತಮ್ಮ ಅಂತ್ಯಕ್ಕೆ ಇನ್ನೊಂದು ಗಂಟೆ ಇರುವಾಗ, ನಾನು ಸರ್ವರ್ ಕೋಣೆಯಲ್ಲಿ ತಂತಿ ಸುತ್ತುತ್ತಿದ್ದೆ. ಕಪಾಟಿನ ಹಿಂದಿನ ಕೆಂಪು ಟೆಲಿಫೋನು ರಿಂಗಣಿಸಿತು. ಅದು ರಿಂಗಣಿಸುತ್ತದೆಂಬುದೇ ಗೊತ್ತಿಲ್ಲದ ನಾನು ಹೆದರಿ ತಲೆಯನ್ನು ಕಪಾಟಿಗೆ ಗುದ್ದಿಕೊಂಡೆ. ಎತ್ತಿದರೆ ವಯಸ್ಸಾದ ಹೆಂಗಸಿನ ದನಿ, ನಡುನಡುವೆ ನಿಂತು ಉಸಿರೆಳೆದುಕೊಳ್ಳುತ್ತಿತ್ತು. “ನೋಡಮ್ಮಾ, ಈ ನಂಬರಿಂದ ಒಬ್ರು ನಂಗೆ ಫೋನ್ ಮಾಡ್ತಿದ್ರು. ಸೋಮವಾರಾನೂ ಮಾಡ್ಲಿಲ್ಲ, ನಿನ್ನೇನೂ ಮಾಡ್ಲಿಲ್ಲ. ಯಾವತ್ತೂ ತಪ್ಪಿಸಿದೋರಲ್ಲ. ಅವ್ರು ಹುಷಾರಾಗಿದ್ದಾರಾ?” ನಾನು, ಅಜ್ಜಿ ನೀವು ಯಾರು, ನೀವು ಹೇಗಿದ್ದೀರಿ ಎಂದು ಕೇಳಿದೆ. “ನಂದೇನು ಬಿಡು, ಕಾಲು ಊದಿದೆ, ಮಲಗಿದ್ರೆ ಉಸಿರು ಕಟ್ಟುತ್ತೆ ಅಷ್ಟೇ. ಅವ್ರು ಹೇಳ್ದೆ ಹೇಗೆ ಬರೋದು ಅಂತ ಬರ್ಲಿಲ್ಲ. ಮೊದ್ಲು ಅವ್ರನ್ನ ವಿಚಾರಿಸು.”

ಈ ಮಾತು ತಮಗೆ ಕೇಳಿಸಲಿಲ್ಲ, ಏಕೆಂದರೆ ತಾವು ಆರಿದ್ದಿರಿ, ಆರಿಸಿದವಳು ನಾನೇ. ಹೋಗುವ ಮೊದಲು ತಮ್ಮನ್ನು ಮತ್ತೆ ಹೊತ್ತಿಸಿ, ಲಿಫ್ಟಿಗೂ ಕಾಯದೆ ಮೂರನೇ ಮಹಡಿಗೆ ಹತ್ತಿ, ಫೋನ್ ಮಾಡಿದ್ದು ಅವಳ ನೀಲಿ ಶಾಲಿನ ಅಜ್ಜಿಯೇ ಇರಬೇಕೆಂದು ನಾದಿನಿಗೆ ಹೇಳಿದೆ. ಅವಳು ಬೈಯಲು ಬಾಯಿ ತೆರೆದವಳು, ಬೈಗುಳ ಬದಿಗಿಟ್ಟು ಆಂಬುಲೆನ್ಸ್ ಕಳಿಸಿದಳು. ಶನಿವಾರ ಶುದ್ಧಿಯಾಗಿದ್ದ ರಕ್ತಕ್ಕೆ ಅದು ಐದನೆಯ ದಿನ. ಇನ್ನೊಂದು ದಿನ ಕಳೆದಿದ್ದರೆ ಎಂದು ವಾರ್ಡಿನ ವೈದ್ಯರು ಮಾತನ್ನು ಅರ್ಧಕ್ಕೇ ಬಿಟ್ಟರು. ಗಂಟೆ ನಾಲ್ಕಾದಾಗ, ತಮ್ಮನ್ನು ಅಳಿಸಬೇಕಾಗಿದ್ದ ಈ ಕೈ ನೀಲಿ ಶಾಲನ್ನು ಅಜ್ಜಿಯ ಕಾಲಿಗೆ ಹೊದಿಸುತ್ತಿತ್ತು. ಅವರಿಗೆ ನನ್ನ ಮೇಲೆ ಯಾವ ಸಿಟ್ಟೂ ಇರಲಿಲ್ಲ, ನನಗೆ ಅಳು ಬಂದದ್ದು ಅದಕ್ಕೇ. ಫೋನ್ ಮಾಡುತ್ತಿದ್ದವರು ಏನಾದರು ಎಂದು ಮತ್ತೆ ಕೇಳಿದರು. ಸ್ವಲ್ಪ ಹುಷಾರಿರಲಿಲ್ಲ, ಈಗ ಎದ್ದಿದ್ದಾರೆ ಎಂದೆ.

ವಾರ್ಡಿನವರಿಗೆ ಫೋನ್ ಹೋಗುವ ಹೊತ್ತೆಂದು ನಾದಿನಿ ಹೇಳಿದ್ದ ಸಂಜೆ ಏಳಕ್ಕೆ ಕೆಂಪು ಟೆಲಿಫೋನನ್ನು ಕಿವಿಗಿಟ್ಟುಕೊಂಡು ಕೂತೆ. ಆಗ ತಮ್ಮ ಹನ್ನೊಂದು ವರ್ಷದ ಗುಟ್ಟು ರಟ್ಟಾಯಿತು. ವಾರ್ಡಿನವರು ಮಧ್ಯಾಹ್ನ ಹಾಕುವ ಸರದಿಪಟ್ಟಿಯನ್ನು ತಾವು ಓದಿಕೊಂಡು, ಮರುದಿನದ ಇಪ್ಪತ್ತೆರಡು ಮಂದಿಗೂ ಒಬ್ಬೊಬ್ಬರಿಗೇ ಫೋನ್ ಹಚ್ಚಿ, ಆಮೇಲಣ್ಣನವರು ರೆಕಾರ್ಡ್ ಮಾಡಿಟ್ಟ ದನಿಯಲ್ಲಿ “ನಾಳೆ ನಿಮ್ಮ ಸರದಿ ಬೆಳಿಗ್ಗೆ ಏಳಕ್ಕೆ. ಹುಷಾರಾಗಿದ್ದೀರಾ?” ಎನ್ನುತ್ತೀರಿ. ಅನಂತರ ಆರು ಸೆಕೆಂಡು ಸುಮ್ಮನಿದ್ದು “ಸರಿ, ಇಡ್ತೀನಿ” ಎನ್ನುತ್ತೀರಿ. ಆ ಆರು ಸೆಕೆಂಡಿನಲ್ಲಿ ಜನ ತಮಗೆ ಏನೇನು ಹೇಳುತ್ತಾರೆಂದು ತಮಗೆ ಗೊತ್ತೇ? ಒಬ್ಬರು ಸೊಸೆಯ ದೂರು ಹೇಳಿದರು, ಒಬ್ಬರು ನಿದ್ದೆ ಬರುವುದಿಲ್ಲ ಎಂದರು, ಒಬ್ಬರು “ನೀವು ಹುಷಾರಾ?” ಎಂದು ತಿರುಗಿ ಕೇಳಿದರು. ತಾವು ಯಾರ ಮಾತನ್ನೂ ನಡುವೆ ತುಂಡರಿಸಲಿಲ್ಲ. ನನ್ನ ವಿಭಾಗದಲ್ಲಿ ಅಷ್ಟು ತಾಳ್ಮೆಯವರು ಬೇರೆ ಯಾರೂ ಇಲ್ಲ.

ಆದ್ದರಿಂದ ತಮ್ಮ ವಿರುದ್ಧದ ನನ್ನ ದೂರನ್ನು ಇಲ್ಲಿ ವಿನಯಪೂರ್ವಕ ದಾಖಲಿಸುತ್ತೇನೆ. ಇಷ್ಟು ದೊಡ್ಡ ಕೆಲಸ ಮಾಡುವವರು ಇಷ್ಟು ಸದ್ದಿಲ್ಲದೆ ಮಾಡಬಾರದು. ಮುಂದಿನ ಬಾರಿ ಯಾರಾದರೂ ತಮ್ಮನ್ನು ಆರಿಸಲು ಬಂದರೆ ತಾವು ಅವರ ಕೈಗೆ ಕಚ್ಚಬೇಕು. ಹಲ್ಲಿಲ್ಲವೆಂಬ ನೆಪ ಬೇಡ. ವರ್ಷಕ್ಕೊಮ್ಮೆ ಭಾವಚಿತ್ರ ಹಾಗೂ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಮೇಲಧಿಕಾರಿಗಳ ಮುಂದೆ ಹಾಜರಾಗಿ, ತಾವು ಇನ್ನೂ ಬೇಕಾಗಿದ್ದೀರೆಂದು ಬರೆದುಕೊಡಬೇಕು. ಅಜ್ಜಿಯ ದನಿಯಲ್ಲಿ ಉಸಿರು ಕಟ್ಟಿದ್ದು ಕೇಳಿದರೆ “ಸರಿ, ಇಡ್ತೀನಿ” ಎನ್ನದೆ ನನ್ನನ್ನು ಕರೆಯಬೇಕು. ಇದಾವುದೂ ತಮ್ಮಿಂದ ಆಗದು ಎಂದಾದರೆ, ಅವನ್ನೆಲ್ಲ ನಾನೇ ಮಾಡಬೇಕಾಗುತ್ತದೆ. ಕೂಗು ಪರೀಕ್ಷೆಯ ನಿಯಮಾವಳಿಯನ್ನು ಗೋಡೆಯಿಂದ ಕಿತ್ತಿದ್ದೇನೆ, ಹೊಸ ಟೆಲಿಫೋನ್ ಸಾಧನ ಬಂದು ತಾವು ಕ್ಷೇಮವಾಗಿ ಹೊಸ ಮನೆ ಸೇರುವವರೆಗೆ ಹಳೆಯ ಯಂತ್ರವನ್ನು ಯಾರೂ ಮುಟ್ಟುವಂತಿಲ್ಲ.

ತಮ್ಮನ್ನು ಎಪ್ಪತ್ತೊಂದು ಗಂಟೆ ಆರಿಸಿಟ್ಟೂ ತಮ್ಮ ವಿಶ್ವಾಸಿಯೆಂದು ಹೇಳಿಕೊಳ್ಳುವ ಧೈರ್ಯವುಳ್ಳ,
ನೆಲಮಾಳಿಗೆಯ ಕಂಪ್ಯೂಟರ್ ವಿಭಾಗದವಳು

ಮರೆತ ಮಾತು: ಆಮೇಲಣ್ಣನವರು ಶುಕ್ರವಾರ ಫೋನಿಗೆ ಸಿಕ್ಕಿದರು. ವಿಷಯವೆಲ್ಲ ಕೇಳಿ ಬಹಳ ನೊಂದುಕೊಂಡು, ತಮ್ಮ ಬಗ್ಗೆ ವಿವರವಾಗಿ ಬರೆದು ಕಳಿಸುವುದಾಗಿ ಹೇಳಿದ್ದಾರೆ, ಆಮೇಲೆ. ನಮ್ಮ ಮೇಲಧಿಕಾರಿಗಳಂತೂ, ತಾವು ಸುಮ್ಮನಿರುವ ಆರು ಸೆಕೆಂಡಿನಿಂದ ದಿನಕ್ಕೆ ಎರಡು ನಿಮಿಷ ಹನ್ನೆರಡು ಸೆಕೆಂಡು ವ್ಯರ್ಥವಾಗುತ್ತಿದೆ, ಅದನ್ನು ತೆಗೆಯಿರಿ ಎಂದು ಸೂಚಿಸಿದರು. ಆಗಲಿ ಸರ್, ಯಾರಾದರೂ ಕೂಗುತ್ತಾರಾ ನೋಡೋಣ ಎಂದೆ. ಅವರು ಕಡತ ಎತ್ತಿಕೊಂಡು ಹೊರಟುಹೋದರು. ಶನಿವಾರ ಅಜ್ಜಿ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರಂತೆ. ಹಿಂದಿನ ಸಂಜೆ ತಮ್ಮ ಫೋನು ಬಂದದ್ದನ್ನು ವಾರ್ಡಿಗೆಲ್ಲ ಸಾರಿ, “ಎದ್ದು ಓಡಾಡ್ತಿದ್ದಾರೆ, ದನಿ ಮಾತ್ರ ಸ್ವಲ್ಪ ಸೊರಗಿದೆ ಪಾಪ, ಯಾರೂ ಅವ್ರನ್ನ ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ಕಾಣುತ್ತೆ” ಎಂದರಂತೆ.